ಎಂಟು ಡಾಲ್ಡಾ ಡಬ್ಬಿ

ಕೌಲ್ ಬಜಾರಿನ ಹಿಂದೆ, ರೈಲು ಹಳಿಗೂ ಜಾಲಿಕಂಟಿಗೂ ನಡುವೆ
ಮೇಜರ್ ಎತಿರಾಜುಲು ಸುಣ್ಣದ ಗೆರೆ ಎಳೆಸಿದರು:
ಇಪ್ಪತ್ತು ಮೀಟರು ಅಗಲ, ನಲವತ್ತು ಉದ್ದ.
ಅಂಚಿಗೆ ಎಂಟು ಡಾಲ್ಡಾ ಡಬ್ಬಿ, ಡಬ್ಬಿಗೊಂದು ಅಕ್ಷರ:
ಎ, ಕೆ, ಇ, ಹೆಚ್, ಸಿ, ಎಂ, ಬಿ, ಎಫ್.
ಎಬಿಸಿಡಿ ಹೀಗಲ್ಲ ಸಾರ್, ಅಂದೆ. ಆರನೇ ಕ್ಲಾಸು ನಾನು.
"ಕುದುರೆ ಓದೋದು ಹೀಗೇ."
ಯಾಕೆ ಹೀಗೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ.
ನಟ್ಟನಡುವಿನದು ಎಕ್ಸ್. ಅದಕ್ಕೆ ಡಬ್ಬಿ ಇಲ್ಲ.
"ಅದು ಕಣ್ಣಿಗಲ್ಲಪ್ಪ, ಕುಂಡಿಗೆ ಗೊತ್ತಾಗಬೇಕು,"
ಅಂದಾಗ ನನ್ನಪ್ಪ, ನಾಲಬಂದ್ ಮೌಲಾಸಾಬ,
ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ.

ಅವರಪ್ಪ ದಂಡಿಗೆ ಹುಲ್ಲು ಒದಗಿಸಿದವರು.
ಮೆದೆಯ ಮೇಲಿಂದ ಕುದುರೆ ನೋಡಿದ ಹುಡುಗ
ಕುದುರೆಯ ಮೇಲಿಂದ ಮೂವತ್ತೊಂದು ವರ್ಷ ಲೋಕ ನೋಡಿದ:
ಜೈಪುರದ ಲಾಯ, ಮೀರತ್ತಿನ ಮಂಜು,
ಜನವರಿಯ ಪರೇಡು, ಮುರಿದು ಕೂಡಿದ ಒಂದು ಭುಜ,
ಮತ್ತೆ ಮೆಹತಾಬ್ ಅನ್ನುವ ಕಂದು ಕುದುರೆಯ ಮೇಲೆ
ದಿಲ್ಲಿಯ ಅಖಾಡದಲ್ಲಿ ಏಳು ನಿಮಿಷ.
ಯುದ್ಧಕ್ಕೆಂದು ಸೇರಿದವರು ಕಲಿತದ್ದು ಇದು:
ಹೇಳಿದ್ದು ಯಾರಿಗೂ ಕಾಣಬಾರದು.
ಬೆರಳು ನೆನೆಸಿಕೊಂಡರೆ ಸಾಕು, ಮೀನಖಂಡ ಉಸಿರಾಡಿದರೆ ಸಾಕು;
ನೋಡಿದವರು ಅನ್ನಬೇಕು, ಕುದುರೆಗೇ ಹಾಗನ್ನಿಸಿತು ಅಂತ.
ನಿಂತಲ್ಲೇ ನಡೆಯುವುದೂ ಇದೆ ಅದರಲ್ಲಿ.
ತಾಳ ತಪ್ಪದೆ ಕಾಲು ಎದ್ದು ಬೀಳಬೇಕು,
ಅಂಗುಲ ಮುಂದೆ ಹೋಗಕೂಡದು.
"ಇದಕ್ಯಾಕ ದಿಲ್ಲಿಗೆ ಹೋದ್ರಿ ಸಾರ್," ಅಂದ ಚಾದಂಗಡಿ ಈರಣ್ಣ,
"ನಮ್ಮ ಮುನ್ಸಿಪಾಲ್ಟಿ ಸಾಲ್ದಾ?"

ಎರಡನೇ ಸಲ ದಿಲ್ಲಿಯಲ್ಲಿ, ಬಲಕ್ಕೆ ತಿರುಗಬೇಕಾದಲ್ಲಿ
ಎಡಕ್ಕೆ ತಿರುಗಿದರಂತೆ. ಗಂಟೆ ಬಾರಿಸಿತಂತೆ.
ಯಾಕೆ ಅಂದರೆ ಒಮ್ಮೆ ಬಿಸಿಲು, ಒಮ್ಮೆ ಜ್ವರ,
ಒಮ್ಮೆ ಮೆಹತಾಬನ ಎಡಗಿವಿ.
ಆಮೇಲೆ ನಾವು ಕೇಳುವುದು ಬಿಟ್ಟೆವು.

ಆಟೋ ಬಂದು ಜಟಕಾ ಹೋದ ವರ್ಷ
ಸ್ಟೇಷನ್ನಿನ ಸ್ಟ್ಯಾಂಡಿನಿಂದ ಚಾಂದನಿಯನ್ನು ಕೊಂಡರು.
ಎದೆಯ ಮೇಲೆ ಪಟ್ಟಿ ಉಜ್ಜಿ ಜಡ್ಡುಗಟ್ಟಿದ ಬಿಳಿ ಹೆಣ್ಣು,
ಬೆನ್ನ ಮೇಲೆ ಒಂದು ನೊಣ ಬಿಟ್ಟರೆ ಯಾರೂ ಕೂತದ್ದಿಲ್ಲ.
ಮೊದಮೊದಲು 'ಬಿ' ಡಬ್ಬಿ ಬಂತೆಂದರೆ ನಿಂತೇಬಿಡುವಳು,
ಸವಾರಿ ಇಳಿಯಲಿ ಅಂತ.
ಮೇಜರ್ ಗದರಲಿಲ್ಲ.
ಯಾರೋ ಟ್ರಂಕು ಇಳಿಸಿಕೊಂಡು, ಚಿಲ್ಲರೆ ಎಣಿಸಿ ಕೊಟ್ಟು ಹೋಗುವಷ್ಟು ಹೊತ್ತು
ಸುಮ್ಮನೆ ಕೂತಿರುವರು. ಆಮೇಲೆ ಉಸಿರು ಬಿಡುವರು.
ಅವಳು ನಡೆಯುವಳು.
ಹದಿನಾಲ್ಕು ತಿಂಗಳು ಹೀಗೆ.

ಆ ದಿನ ಟೋಪಿ, ಬಿಳಿ ಕೈಗವಸು, ಗುಂಡಿ ಕೂಡದ ಹಳೇ ಕೋಟು.
ನೋಡಲಿಕ್ಕೆ ಅಪ್ಪ, ಈರಣ್ಣ, ಮೂರು ಮೇಕೆ.
ತೀರ್ಪುಗಾರ ನಾನು, 'ಸಿ' ಡಬ್ಬಿಯ ಹಿಂದೆ ಸ್ಟೂಲಿನ ಮೇಲೆ,
ಕೈಯಲ್ಲಿ ಸೈಕಲ್ಲಿನ ಗಂಟೆ.
ಅದಿರಿನ ಗೂಡ್ಸು ಕೂಗಿಕೊಂಡು ಹೋಯಿತು;
ಚಾಂದನಿ ಒಂದು ಕಿವಿಯಷ್ಟೇ ಕೊಟ್ಟಳು.
ನೇರ ನನ್ನೆದುರಿಗೇ ಬಂದು, ಬಲಕ್ಕೆ ತಿರುಗಬೇಕಾದಲ್ಲಿ
ಎಡಕ್ಕೆ ತಿರುಗಿದರು. ಕುದುರೆಯಲ್ಲ, ಅವರು.
ನನಗೆಲ್ಲ ಬಾಯಿಪಾಠವಿತ್ತು.
ಹೆಬ್ಬೆರಳು ಗಂಟೆಯ ಮೇಲಿತ್ತು. ಒತ್ತಲಿಲ್ಲ.
ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿದರು.
"ಹೊಡಿಯೋ."
ಟ್ರಿಣ್.
ಟೋಪಿ ಮುಟ್ಟಿ, ಎರಡು ಅಂಕ ಕಳೆದುಕೊಂಡು
ತಪ್ಪಿದ ಜಾಗದಿಂದಲೇ ಮತ್ತೆ ಹೊರಟರು.

ಕೊನೆಗೆ ಎಕ್ಸಿನಲ್ಲಿ ಚಾಂದನಿ ನಿಂತಲ್ಲೇ ನಡೆದಳು.
ಹನ್ನೊಂದು ಹೆಜ್ಜೆ, ನಾನೆಣಿಸಿದೆ.
ಹನ್ನೆರಡನೆಯದು ಅಂಗುಲ ಮುಂದೆ ಬಿತ್ತು.
ಅಪ್ಪ ನೋಡುತ್ತಿದ್ದದ್ದು ಬರೇ ನಾಲು.

ಅವಳು ಹೋಗಿ ಎರಡು ತಿಂಗಳಿಗೆ ಮೇಜರೂ ಹೋದರು.
ಅಲ್ಲೀಗ ಲಾರಿಗಳು ನಿಲ್ಲುತ್ತವೆ.
ಡಬ್ಬಿಗಳನ್ನು ಅಮ್ಮಿ ಮನೆಗೆ ತಂದಳು:
'ಕೆ'ಯಲ್ಲಿ ಪುದೀನ, 'ಎಂ'ನಲ್ಲಿ ಕೊತ್ತಂಬರಿ,
'ಎಫ್' ತುಕ್ಕು ಹಿಡಿದು ಉದುರಿತು,
'ಸಿ' ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಅಪ್ಪನ ಮೊಳೆ ಕಾಯುತ್ತದೆ.
ಎಕ್ಸಿಗೆ ಡಬ್ಬಿ ಇರಲಿಲ್ಲ.
ಅದನ್ನು ತರಲಿಕ್ಕಾಗಲಿಲ್ಲ.